ಶೃಂಗೇರಿ ಎಂದು ಬರೆಯಲು ನಾಲ್ಕು ಶಿಫ್ಟ್

ಮೆಕ್ಯಾನಿಕಲ್ ಕೀಬೋರ್ಡ್ ಕೊಂಡವರು ಸ್ವಲ್ಪ ದಿನ ಕಳೆಯುವುದರೊಳಗೆ ಒಂದು ತಕರಾರು ತೆಗೆಯುತ್ತಾರೆ: ಸಣ್ಣ ಕೀಗಳೆಲ್ಲ ಹಿತವಾಗಿವೆ, ಉದ್ದನೆಯ ಕೀಗಳು ಮಾತ್ರ ಗಲಗಲ ಎನ್ನುತ್ತವೆ. ದೋಷ ಸ್ವಿಚ್ಚಿನದಲ್ಲ, ಆ ಕೀಗಳು ವಾಲದಂತೆ ಅಡಿಯಲ್ಲಿ ಕೂತಿರುವ ಸ್ಟೆಬಿಲೈಸರಿನದು. (ಫ್ರಿಜ್ಜಿನ ಹಿಂದೆ ಗುಂಯ್‌ಗುಡುವ ಪೆಟ್ಟಿಗೆಗೂ ಇದಕ್ಕೂ ಹೆಸರಷ್ಟೇ ನಂಟು.) ಇದನ್ನು ಬಿಚ್ಚಿ, ತಂತಿ ನೇರ ಮಾಡಿ, ಗ್ರೀಸ್ ಹಚ್ಚಿ ಸರಿಪಡಿಸುವ ವಿದ್ಯೆ ಹವ್ಯಾಸಿಗಳ ಕೈಯಲ್ಲಿ ಸಾಕಷ್ಟು ಪಳಗಿದೆ. ಆದರೆ ಅದು ಪಳಗಿದ್ದು ಇಂಗ್ಲಿಷ್ ಟೈಪ್ ಮಾಡುವ ಕೈಗಳನ್ನೂ ಒಣ ಹವೆಯ ಕೋಣೆಗಳನ್ನೂ ಎದುರಿಗಿಟ್ಟುಕೊಂಡು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಡಿಟಿಪಿ ಅಂಗಡಿಯಲ್ಲೋ ಮನೆಯ ಜಗುಲಿಯಲ್ಲೋ ಕೂತು ದಿನವಿಡೀ ಕನ್ನಡ ಟೈಪ್ ಮಾಡುವವರಿಗೆ ಅದೇ ಸಲಹೆಯನ್ನು ಹಾಗೇ ಎತ್ತಿ ಕೊಟ್ಟರೆ ಅದು ಎರಡು ಕಡೆ ಎಡವುತ್ತದೆ. ಅದು ಸ್ಪೇಸ್‌ಬಾರಿನಿಂದ ಶುರುವಾಗುತ್ತದೆ, ಕನ್ನಡದವರು ಶುರು ಮಾಡಬೇಕಾದದ್ದು ಶಿಫ್ಟ್‌ನಿಂದ. ಸದ್ದಡಗಿಸಲು ಅದು ಗ್ರೀಸನ್ನೂ ಬಟ್ಟೆಯ ಪಟ್ಟಿಯನ್ನೂ ಧಾರಾಳವಾಗಿ ಸುರಿಯುತ್ತದೆ, ಗೋಡೆಯೇ ಬೆವರುವ ಮಳೆಗಾಲದ ಊರುಗಳಲ್ಲಿ ಅದರ ಫಲ ಬೇರೆಯೇ ಆಗುತ್ತದೆ.

ಮೊದಲು ಶಿಫ್ಟ್‌ನ ಲೆಕ್ಕ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಅಧಿಕೃತವಾಗಿ ಒಪ್ಪಿಕೊಂಡಿದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ನಡೆಯುವುದು ಅದರ ಮೇಲೆ, ಸರ್ಕಾರಿ ಕಚೇರಿಯಿಂದ ಆಮಂತ್ರಣ ಪತ್ರಿಕೆ ಅಚ್ಚು ಮಾಡುವ ಅಂಗಡಿಯವರೆಗೆ ಹೆಚ್ಚಿನ ಕೈಗಳು ಪಳಗಿದ್ದೂ ಅದರಲ್ಲೇ. 26 ಅಕ್ಷರದ ಕೀಗಳಲ್ಲಿ ಇಡೀ ವರ್ಣಮಾಲೆಯನ್ನು ಹಿಡಿಸಿದ್ದು ಆ ವಿನ್ಯಾಸದ ಜಾಣ್ಮೆ, ಹಿಡಿಸಲು ಅದು ನೆಚ್ಚಿಕೊಂಡದ್ದು ಶಿಫ್ಟನ್ನು. ಅಲ್ಪಪ್ರಾಣ ಬರಿಯ ಕೀಯಲ್ಲಿ, ಮಹಾಪ್ರಾಣ ಶಿಫ್ಟ್ ಹಿಡಿದು. ಹ್ರಸ್ವ ಬರಿಯ ಕೀಯಲ್ಲಿ, ದೀರ್ಘ ಶಿಫ್ಟ್ ಹಿಡಿದು. ಅನುಸ್ವಾರ, ವಿಸರ್ಗ, ಣ, ಳ, ಶ ಎಲ್ಲಕ್ಕೂ ಶಿಫ್ಟ್ ಬೇಕು. ಈಗ ಊರ ಹೆಸರನ್ನೇ ಟೈಪ್ ಮಾಡಿ ನೋಡಿ. ಕೊಪ್ಪ ಎಂಬುದಕ್ಕೆ ಐದು ಕೀ, ಶಿಫ್ಟ್ ಒಂದೂ ಇಲ್ಲ. ನರಸಿಂಹರಾಜಪುರಕ್ಕೆ ಹನ್ನೆರಡು ಕೀ, ಅನುಸ್ವಾರಕ್ಕೊಂದು ದೀರ್ಘಕ್ಕೊಂದು ಎಂದು ಎರಡು ಶಿಫ್ಟ್. ಶೃಂಗೇರಿಗೆ ಎಸ್, ಆರ್, ಎಮ್, ಜಿ, ಇ, ಆರ್, ಐ ಎಂದು ಏಳೇ ಕೀ, ಆದರೆ ಶ, ೃ, ಅನುಸ್ವಾರ, ೇ ಎಂದು ಏಳರಲ್ಲಿ ನಾಲ್ಕಕ್ಕೆ ಶಿಫ್ಟ್. ಅರ್ಜಿ ಟೈಪಿಸುವವರು ದಿನಕ್ಕೆ ಹತ್ತಾರು ಬಾರಿ ಬರೆಯುವ ‘ಶೃಂಗೇರಿ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ’ ಎಂಬ ಸಾಲಿನಲ್ಲಿ ಶಿಫ್ಟ್ ಬೇಡುವ ಅಕ್ಷರಗಳು ಎಂಟು, ಸ್ಪೇಸ್ ಮೂರು. ಒಂದರ ಪಕ್ಕ ಒಂದು ಬರುವ ಶಿಫ್ಟ್ ಅಕ್ಷರಗಳನ್ನು ಒಂದೇ ಹಿಡಿತದಲ್ಲಿ ಮುಗಿಸುವವರೂ ಇಲ್ಲಿ ಐದು ಬಾರಿಯಾದರೂ ಶಿಫ್ಟ್ ಒತ್ತಿ ಬಿಡಲೇಬೇಕು. ವಿಳಾಸ ಬಿಟ್ಟು ಸಾದಾ ಗದ್ಯಕ್ಕೆ ಬಂದರೂ ಅಷ್ಟೇ. ‘ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಕೆಲಸ ನಿಂತಿದೆ’ ಎಂಬಲ್ಲಿ ಸ್ಪೇಸ್ ಐದು, ಶಿಫ್ಟ್ ನಾಲ್ಕು. ಇದನ್ನೇ ಇಂಗ್ಲಿಷಿನಲ್ಲಿ ಬರೆದರೆ ವಾಕ್ಯದ ಮೊದಲಕ್ಷರಕ್ಕೆ ಒಂದು ಶಿಫ್ಟ್ ಒತ್ತಿದರೆ ಮುಗಿಯಿತು. ಇಂಗ್ಲಿಷ್ ಗದ್ಯದಲ್ಲಿ ಆಗೊಮ್ಮೆ ಈಗೊಮ್ಮೆ ಒತ್ತುವ ಕೀ ಕನ್ನಡದಲ್ಲಿ ಸ್ಪೇಸ್‌ಬಾರಿನ ಸರಿಸಮ ದುಡಿಯುತ್ತದೆ.

ದುಡಿಮೆಯಷ್ಟೇ ಆಗಿದ್ದರೆ ಎರಡಕ್ಕೂ ಸಮ ಉಪಚಾರ ಸಾಕಿತ್ತು. ಆದರೆ ಶಿಫ್ಟ್‌ನ ಮೈಕಟ್ಟೇ ಬೇರೆ. ಕೀಬೋರ್ಡಿನಲ್ಲಿ ಒಂದು ಅಕ್ಷರದ ಕೀ ಹಿಡಿಯುವ ಜಾಗ 19.05 ಮಿಲಿಮೀಟರ್, ಅದನ್ನೇ ಒಂದು ಯೂನಿಟ್ ಎನ್ನುತ್ತಾರೆ. ನಮ್ಮಲ್ಲಿ ಸಿಗುವ ಸಾಮಾನ್ಯ ಕೀಬೋರ್ಡಿನಲ್ಲಿ ಎಡ ಶಿಫ್ಟ್ 2.25 ಯೂನಿಟ್, ಬಲ ಶಿಫ್ಟ್ 2.75 ಯೂನಿಟ್, ಅಂದರೆ ಸುಮಾರು 43 ಮತ್ತು 52 ಮಿಲಿಮೀಟರ್. ಎರಡಕ್ಕೂ ಹಾಕುವುದು ಒಂದೇ ಅಳತೆಯ ಸ್ಟೆಬಿಲೈಸರ್, ಕೀಯನ್ನು ಎರಡು ಬದಿಯಲ್ಲಿ ಹೊರುವ ಅದರ ಗೂಟಗಳ ನಡುವಿನ ಅಂತರ ಸುಮಾರು 24 ಮಿಲಿಮೀಟರ್. ಹಾಗಾಗಿ ಬಲ ಶಿಫ್ಟ್‌ನ ಒಂದೊಂದು ತುದಿಯೂ ಗೂಟದಿಂದ ಆಚೆಗೆ ಹದಿನಾಲ್ಕು ಮಿಲಿಮೀಟರಿನಷ್ಟು ಚಾಚಿಕೊಂಡಿರುತ್ತದೆ. ಹೆಚ್ಚಿನವರ ಕಿರುಬೆರಳು ತಲುಪುವುದು ಅಕ್ಷರಗಳ ಕಡೆಗಿನ ಆ ಚಾಚಿದ ಅಂಚನ್ನೇ. ಸ್ಪೇಸ್‌ಬಾರ್ ನೋಡಿ: 6.25 ಯೂನಿಟ್ ಎಂದರೆ 119 ಮಿಲಿಮೀಟರ್ ಉದ್ದ, ಗೂಟಗಳ ನಡುವೆ 100 ಮಿಲಿಮೀಟರ್, ಹೆಬ್ಬೆರಳು ಬೀಳುವುದು ಅವೆರಡರ ನಡುವೆ. ಹೆಬ್ಬೆರಳು ಗಟ್ಟಿ ಬೆರಳು, ತಟ್ಟಿ ಬಿಡುತ್ತದೆ. ಕಿರುಬೆರಳು ನಮ್ಮ ಐದರಲ್ಲಿ ಬಡಪಾಯಿ. ಅದು ಆಧಾರದಿಂದ ಹೊರಗೆ ಒತ್ತಬೇಕು, ಒತ್ತಿ ಹಿಡಿದಿರಬೇಕು, ಸರಿಯಾದ ಗಳಿಗೆಗೆ ಬಿಡಬೇಕು. ಸ್ಟೆಬಿಲೈಸರಿನ ಸರಿ ತಪ್ಪು ಬೆರಳಿಗೆ ಮುಟ್ಟುವುದು ಇಲ್ಲಿ.

ಬಿಡುವ ಗಳಿಗೆಯಲ್ಲೇ ಕನ್ನಡದ ಮುಖ್ಯ ತೊಡಕಿರುವುದು. ಅನುಸ್ವಾರಕ್ಕೆ ಶಿಫ್ಟ್ ಹಿಡಿದು ಎಮ್ ಒತ್ತಿದ ಮೇಲೆ, ಗಕಾರಕ್ಕೆ ಬರುವ ಮುನ್ನ ಶಿಫ್ಟ್ ಮೇಲೆದ್ದಿರಬೇಕು. ಗ್ರೀಸ್ ಅಂಟಿಯೋ ತಂತಿ ಬಿಗಿದೋ ಅದು ಕಣ್ಣೆವೆಯಿಕ್ಕುವಷ್ಟು ತಡ ಮಾಡಿದರೂ ಪರದೆಯ ಮೇಲೆ ‘ಶೃಂಘೇರಿ’ ಮೂಡುತ್ತದೆ. ಇಂಗ್ಲಿಷಿನಲ್ಲಿ ಇಂಥ ತಪ್ಪಾದರೆ ಒಂದಕ್ಷರ ದೊಡ್ಡದಾಗುತ್ತದೆ ಅಷ್ಟೆ, ಪದ ಪದವಾಗಿಯೇ ಉಳಿಯುತ್ತದೆ. ಕನ್ನಡದಲ್ಲಿ ‘ಶಾಲೆ’ ಹೋಗಿ ‘ಶಾಳೆ’ ಆಗುತ್ತದೆ, ‘ದನ’ ಹೋಗಿ ‘ಧನ’ ಆಗುತ್ತದೆ. ಎರಡನೆಯದನ್ನು ಪದಪರೀಕ್ಷಕವೂ ಹಿಡಿಯದು, ಏಕೆಂದರೆ ಎರಡೂ ಸರಿಯಾದ ಪದಗಳೇ. ಆದ್ದರಿಂದ ಶಿಫ್ಟ್‌ನಲ್ಲಿ ಹುಡುಕಬೇಕಾದ ಗುಣಗಳನ್ನು ಈ ಕ್ರಮದಲ್ಲಿ ಇಟ್ಟುಕೊಳ್ಳಬೇಕು: ತಡೆಯಿಲ್ಲದೆ ಮೇಲೇಳುವುದು ಮೊದಲು, ಅಂಚಿನಲ್ಲಿ ಒತ್ತಿದರೂ ವಾಲದಿರುವುದು ಆಮೇಲೆ, ಸದ್ದು ಕಡೆಗೆ. ಹವ್ಯಾಸಿಗಳ ಕ್ರಮ ಸರಿಯಾಗಿ ಇದರ ತಿರುಗುಮುರುಗು.

ಇದಕ್ಕೆ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದೇ. ಎಲ್ಲರೂ ನುಡಿ ವಿನ್ಯಾಸದಲ್ಲಿ ಬರೆಯುವುದಿಲ್ಲ. ಇನ್‌ಸ್ಕ್ರಿಪ್ಟ್ ಕಲಿತವರಿಗೆ ದೀರ್ಘ ಸ್ವರದ ಚಿಹ್ನೆಗಳೂ ಅನುಸ್ವಾರವೂ ಬರಿಯ ಕೀಯಲ್ಲೇ ಸಿಗುತ್ತವೆ, ಮೇಲೆ ಹೇಳಿದ ವಿಳಾಸದ ಸಾಲಿಗೆ ಅವರಿಗೆ ಬೇಕಾಗುವುದು ಎರಡೇ ಶಿಫ್ಟ್, ಶಕಾರಕ್ಕೊಂದು ಳಕಾರಕ್ಕೊಂದು. ಗೂಗಲ್ ಲಿಪ್ಯಂತರದಲ್ಲಿ ಬರೆಯುವವರಿಗೆ ಬಹುತೇಕ ಬೇಕೇ ಇಲ್ಲ. ಇವರು ಲೋಕರೂಢಿಯಂತೆ ಸ್ಪೇಸ್‌ಬಾರಿನಿಂದಲೇ ಶುರು ಮಾಡಲಿ. ‘ಬರಹ’ ತಂತ್ರಾಂಶದ ಲಿಪ್ಯಂತರದಲ್ಲಿ ಕೈ ಪಳಗಿಸಿಕೊಂಡವರು ಮಾತ್ರ ನುಡಿಯವರ ಪಂಕ್ತಿಯಲ್ಲೇ ಕೂರಬೇಕು, ಅಲ್ಲೂ ಅನುಸ್ವಾರಕ್ಕೆ, ಳಕಾರಕ್ಕೆ ಶಿಫ್ಟ್ ಬೇಕು. ಇನ್ನು ಶಿಫ್ಟ್‌ನ ಹಿಡಿತವೇ ಬೇಡವೆಂದು ವಿಂಡೋಸಿನ ಸ್ಟಿಕಿ ಕೀಸ್ ಬಳಸುವ ಉಪಾಯವಿದೆ. ಶಿಫ್ಟನ್ನು ಒಮ್ಮೆ ತಟ್ಟಿ ಬಿಟ್ಟರೆ ಮುಂದಿನ ಒಂದು ಅಕ್ಷರಕ್ಕೆ ಅದು ಅನ್ವಯಿಸುತ್ತದೆ. ಬೆರಳು ನೋವಿರುವವರಿಗೆ ಇದು ಒಳ್ಳೆಯ ದಾರಿ. ಆದರೆ ಪ್ರತಿ ಅಕ್ಷರಕ್ಕೂ ಬೇರೆ ಬೇರೆ ತಟ್ಟಬೇಕಾದ್ದರಿಂದ ಒತ್ತುವ ಲೆಕ್ಕ ಹೆಚ್ಚುತ್ತದೆಯೇ ಹೊರತು ಇಳಿಯದು, ಕೀಯ ಅಲುಗಾಟವಂತೂ ಇದ್ದಲ್ಲೇ ಇರುತ್ತದೆ.

ಈಗ ಕೆಲಸಕ್ಕೆ ಬರೋಣ. ಸ್ಟೆಬಿಲೈಸರಿನಲ್ಲಿ ಇರುವುದು ಮೂರೇ ಬಗೆಯ ಬಿಡಿಭಾಗ: ಎರಡು ಪ್ಲಾಸ್ಟಿಕ್ ಗೂಡು, ಅವುಗಳೊಳಗೆ ಏರಿಳಿಯುವ ಎರಡು ಗೂಟ, ಗೂಟಗಳೆರಡನ್ನೂ ಜೋಡಿಸುವ ಒಂದು ಬಾಗಿದ ಉಕ್ಕಿನ ತಂತಿ. ಇಬ್ಬರು ಏಣಿ ಹೊತ್ತು ನಡೆಯುವಾಗ ಒಬ್ಬ ತಗ್ಗಿದರೆ ಇನ್ನೊಬ್ಬನೂ ತಗ್ಗಬೇಕಾಗುವಂತೆ, ಕೀಯ ಒಂದು ಬದಿ ಒತ್ತಿದಾಗ ತಂತಿ ತಿರುಗಿ ಇನ್ನೊಂದು ಬದಿಯನ್ನೂ ಜೊತೆಗೆಳೆಯುತ್ತದೆ. ತಂತಿಯ ತುದಿ ಗೂಟದ ತೂತಿನಲ್ಲಿ ಸಡಿಲವಾಗಿದ್ದರೆ ಗಲಗಲ. ತಂತಿಯ ಒಂದು ಕಾಲು ಇನ್ನೊಂದಕ್ಕಿಂತ ಮೇಲಿದ್ದರೆ ಒಂದು ಬದಿಯಲ್ಲಿ ಮಾತ್ರ ಟಿಕ್ ಟಿಕ್. ಗೂಟ ಗೂಡಿನ ಗೋಡೆಗೆ ಉಜ್ಜಿದರೆ ಒರಟು ಒರಟು. ಯಾವುದು ಎಂದು ತಿಳಿಯದೆ ಗ್ರೀಸ್ ಡಬ್ಬಿ ತೆರೆಯಬಾರದು. ಶಿಫ್ಟ್‌ನ ಎಡ ಅಂಚು, ನಡು, ಬಲ ಅಂಚು ಹೀಗೆ ಮೂರು ಕಡೆ ಒಂದೊಂದಾಗಿ ನಿಧಾನಕ್ಕೆ ಒತ್ತಿ, ಇನ್ನೂ ನಿಧಾನಕ್ಕೆ ಬಿಡಿ. ಬೆರಳು ಎತ್ತಿದಂತೆ ಕೀ ಬೆರಳಿಗೆ ಅಂಟಿಕೊಂಡೇ ಮೇಲೆ ಬರಬೇಕು. ಬೆರಳು ಮೊದಲು ಬಂದು ಕೀ ಹಿಂದುಳಿದರೆ ರೋಗ ಕೀಬೋರ್ಡಿನದು. ಹಾಗಾಗದೆಯೂ ‘ಶೃಂಘೇರಿ’ ಬರುತ್ತಿದ್ದರೆ ಅದು ಬೆರಳಿನ ಅಭ್ಯಾಸ, ಅದಕ್ಕೆ ಸ್ಕ್ರೂಡ್ರೈವರಿನಲ್ಲಿ ಮದ್ದಿಲ್ಲ. ಅಂಥವರಲ್ಲಿ ಅನೇಕರು ಎಲ್ಲ ಅಕ್ಷರಕ್ಕೂ ಎಡ ಶಿಫ್ಟ್ ಒಂದನ್ನೇ ಬಳಸುವವರಾಗಿರುತ್ತಾರೆ. ಎಡಗೈಯೇ ಶಿಫ್ಟ್ ಹಿಡಿದು ಎಡಗೈಯೇ ಜಿ ಒತ್ತುವಾಗ ಕಾಲ ಜಾರುವುದು ಸಹಜ.

ಕೀಬೋರ್ಡನ್ನು ಕಂಪ್ಯೂಟರಿನಿಂದ ಬಿಡಿಸಿಟ್ಟು, ತಂತಿಯ ಕೀ-ಪುಲ್ಲರಿನಿಂದ ಕ್ಯಾಪ್ ಎತ್ತಿ. ಹೆಚ್ಚಿನ ಕೀಬೋರ್ಡುಗಳಲ್ಲಿ ಇರುವುದು ಚೆರಿ ಮಾದರಿ, ಅದರಲ್ಲಿ ಕ್ಯಾಪ್ ನೇರವಾಗಿ ಮೇಲೆ ಬರುತ್ತದೆ. ಕೆಲವು ಹಳೆಯ ಕೀಬೋರ್ಡುಗಳಲ್ಲಿ ಕೋಸ್ಟಾರ್ ಮಾದರಿ ಇದ್ದು, ತಂತಿ ಕ್ಯಾಪಿನ ಒಳಗಿನ ಕೊಕ್ಕೆಗೇ ಸಿಕ್ಕಿಕೊಂಡಿರುತ್ತದೆ. ಅರ್ಧ ಎತ್ತಿದಾಗ ತಡೆ ಸಿಕ್ಕರೆ ಜಗ್ಗಬೇಡಿ, ಟಾರ್ಚ್ ಹಿಡಿದು ಒಳಗೆ ನೋಡಿ ತಂತಿಯನ್ನು ಚಿಮಟಿಗೆಯಿಂದ ಬಿಡಿಸಿ. ಕ್ಯಾಪ್ ತೆಗೆದ ಮೇಲೆ ಇನ್ನೊಂದು ತೀರ್ಮಾನ ಮಾಡಬೇಕು. ನಿಮ್ಮ ಕೀಬೋರ್ಡಿನಲ್ಲಿ ಸ್ವಿಚ್ಚುಗಳನ್ನು ಕೈಯಲ್ಲಿ ಕಿತ್ತು ಹಾಕಬಹುದೇ, ಅಂದರೆ ಅದು ಹಾಟ್-ಸ್ವಾಪ್ ಬಗೆಯದೇ, ಇಲ್ಲಾ ಬೆಸುಗೆ ಹಾಕಿದ್ದೇ? ಬೆಸುಗೆ ಹಾಕಿದ್ದಾದರೆ ಪೂರ್ತಿ ಬಿಚ್ಚುವ ಸಾಹಸ ಬೇಡ. ಮೆಡಿಕಲ್ ಶಾಪಿನಲ್ಲಿ ಸಿಗುವ ಸಣ್ಣ ಸಿರಿಂಜಿಗೆ ಡೈಎಲೆಕ್ಟ್ರಿಕ್ ಗ್ರೀಸ್ ತುಂಬಿ, ದಪ್ಪ ಸೂಜಿಯ ಮೊನೆಯನ್ನು ಅರದಿಂದ ಉಜ್ಜಿ ಮೊಂಡು ಮಾಡಿಕೊಂಡು, ಗೂಟವನ್ನು ಕೆಳಗೊತ್ತಿ ಹಿಡಿದು, ತಂತಿಯ ತುದಿ ಗೂಟದೊಳಗೆ ಹೋಗುವ ಸಂದಿಗೆ ಅಕ್ಕಿಕಾಳಿಗಿಂತ ಕಡಿಮೆ ಗ್ರೀಸ್ ಬಿಡಬೇಕು. ನಾಲ್ಕೈದು ಬಾರಿ ಒತ್ತಿ, ಹೊರಗೆ ಬಂದ ಗ್ರೀಸನ್ನು ಕಿವಿ ಸ್ವಚ್ಛ ಮಾಡುವ ಬಡ್ಸಿನಿಂದ ಒರೆಸಿದರೆ ಮುಗಿಯಿತು. ಗಲಗಲ ಸದ್ದಿನ ದೊಡ್ಡ ಪಾಲು ಈ ಒಂದು ಬಿಂದುವಿನಲ್ಲೇ ಅಡಗಿರುವುದರಿಂದ ಹೆಚ್ಚಿನವರಿಗೆ ಇಷ್ಟರಲ್ಲೇ ತೃಪ್ತಿಯಾಗುತ್ತದೆ. ಪೂರ್ತಿ ಬಿಚ್ಚುವುದೇ ನಿಜವಾದ ರಿಪೇರಿ, ಸಿರಿಂಜ್ ಕಳ್ಳದಾರಿ ಎನ್ನುವ ಶುದ್ಧವಾದಿಗಳಿದ್ದಾರೆ. ದುಡಿಯುವ ಕೀಬೋರ್ಡನ್ನು ಒಂದು ದಿನ ಬಿಚ್ಚಿಟ್ಟುಕೊಂಡು ಕೂರಲಾಗದವರು ಅವರ ಮಾತಿಗೆ ಕಿವಿಗೊಡಬೇಕಿಲ್ಲ.

ಹಾಟ್-ಸ್ವಾಪ್ ಆಗಿದ್ದು ಟಿಕ್ ಟಿಕ್ ಸದ್ದು ಒಂದೇ ಬದಿಯಲ್ಲಿದ್ದರೆ ಮಾತ್ರ ಬಿಚ್ಚಲೇಬೇಕು, ಏಕೆಂದರೆ ಬಾಗಿದ ತಂತಿಯನ್ನು ಯಾವ ಗ್ರೀಸೂ ನೇರ ಮಾಡದು. ಸ್ವಿಚ್ಚುಗಳನ್ನು ಹಿಡಿದಿರುವ ಪ್ಲೇಟಿಗೆ ಕಚ್ಚಿಕೊಂಡಿರುವ ಸ್ಟೆಬಿಲೈಸರ್ ಸಾಮಾನ್ಯವಾಗಿ ಸ್ವಿಚ್ ಕಿತ್ತ ಮೇಲೆ ಮೇಲಿನಿಂದಲೇ ಬರುತ್ತದೆ. ಅದರಡಿಯ ಸರ್ಕ್ಯೂಟ್ ಬೋರ್ಡಿಗೆ, ಅಂದರೆ ಪಿಸಿಬಿಗೆ, ಕೂರಿಸಿದ್ದೋ ಸ್ಕ್ರೂ ಹಾಕಿದ್ದೋ ಆದರೆ ಎಲ್ಲ ಸ್ವಿಚ್ಚುಗಳನ್ನೂ ತೆಗೆದು ಪ್ಲೇಟ್ ಎತ್ತಬೇಕಾದೀತು. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಗೂಟವನ್ನು ಹಿಂದುಮುಂದಾಗಿ ಹಾಕುವುದು, ತಂತಿಯನ್ನು ಕೆಳಗಿನ ತೂತಿನ ಬದಲು ಮೇಲಿನದಕ್ಕೆ ಸಿಕ್ಕಿಸುವುದು ಇಲ್ಲಿ ತೀರಾ ಸಾಮಾನ್ಯವಾದ ತಪ್ಪುಗಳು. ಹೊರಬಂದ ತಂತಿಯನ್ನು ಕನ್ನಡಿಯ ಮೇಲೋ ಫೋನಿನ ಗಾಜಿನ ಮೇಲೋ ಮಲಗಿಸಿ ಒಂದು ಮೂಲೆಯನ್ನು ಬೆರಳಿನಿಂದ ತಟ್ಟಿ. ಪೂರ್ತಿ ಮಲಗಿದ್ದರೆ ಸರಿ, ಟಕಟಕ ಎಂದು ಆಡಿದರೆ ಒಂದು ಕಾಲು ಮೇಲೆದ್ದಿದೆ ಎಂದರ್ಥ. ಇಕ್ಕಳದಿಂದ ಹಿಡಿದು ಕೂದಲೆಳೆಯಷ್ಟು ಬಾಗಿಸಿ ಮತ್ತೆ ಗಾಜಿನ ಮೇಲಿಡಿ. ಒಂದೇ ಏಟಿಗೆ ಸರಿಮಾಡಲು ಹೋದರೆ ಆ ಕಡೆಯದು ಈ ಕಡೆಗಾಗುತ್ತದೆ. ಶಿಫ್ಟ್‌ನ ತಂತಿ ಗಿಡ್ಡ, ಹಾಗಾಗಿ ಇದು ಸ್ಪೇಸ್‌ಬಾರಿನ ಉದ್ದ ತಂತಿಗಿಂತ ಬೇಗ ಹದಕ್ಕೆ ಬರುತ್ತದೆ. ಹಳೆಯ ಗ್ರೀಸನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ ತೆಗೆಯಿರಿ. ಕೆಲವು ಗೂಟಗಳ ತಳದಲ್ಲಿ ಎರಡು ಪುಟ್ಟ ಕಾಲುಗಳಿರುತ್ತವೆ, ತಳಕ್ಕೆ ಬಡಿದಾಗ ಬಾಗಿ ಪೆಟ್ಟು ಮೆತ್ತಗಾಗಲಿ ಎಂದು ಇಟ್ಟದ್ದು. ಅವನ್ನು ಕತ್ತರಿಸಿದರೆ ಒತ್ತು ಖಚಿತವಾಗುತ್ತದೆ ಎಂಬ ರೂಢಿಯಿದೆ, ಈಚಿನ ಸ್ಟೆಬಿಲೈಸರುಗಳಲ್ಲಿ ಅವು ಇರುವುದೇ ಕಡಿಮೆ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು, ಶಿಫ್ಟ್‌ನ ಮಟ್ಟಿಗೆ ಇದರಿಂದ ಸಿಗುವ ಲಾಭವೂ ಅಷ್ಟಕ್ಕಷ್ಟೆ. ಬಿಟ್ಟುಬಿಡುವುದೇ ಮೇಲು.

ಸಂದಿ ತುಂಬುವ ವಿಚಾರಕ್ಕೆ ಬಂದಾಗ ಮಲೆನಾಡಿನ ಹವೆ ನಡುವೆ ಬರುತ್ತದೆ. ಬ್ಯಾಂಡ್-ಏಡಿನ ಬಟ್ಟೆಯ ಪಟ್ಟಿಯನ್ನು ಪಿಸಿಬಿಯ ಮೇಲೆ ಗೂಟ ಬಡಿಯುವ ಜಾಗಕ್ಕೆ ಅಂಟಿಸುವುದು, ಇಲ್ಲವೇ ಅದರ ತೆಳು ಸೀಳನ್ನು ಗೂಟದೊಳಗೆ ತಂತಿ ಕೂರುವಲ್ಲಿ ಒತ್ತರಿಸುವುದು ಹವ್ಯಾಸಿಗಳಲ್ಲಿ ಹೆಸರಾದ ಉಪಾಯ. ಒಣ ಊರಲ್ಲಿ ಅದು ವರ್ಷಗಟ್ಟಲೆ ನಡೆಯಬಹುದು. ಆಗುಂಬೆಯ ಮಗ್ಗುಲಲ್ಲೇ ಇರುವ ಶೃಂಗೇರಿಯಲ್ಲಿ, ಪುಸ್ತಕದ ಬೈಂಡಿಗೇ ಬೂಷ್ಟು ಹಿಡಿಯುವ ಆಷಾಢದಲ್ಲಿ, ಬಟ್ಟೆ ತೇವ ಹೀರುತ್ತದೆ, ಅಂಟು ಕರಗಿ ಪಕ್ಕಕ್ಕೆ ಹರಿಯುತ್ತದೆ, ಆ ಅಂಟಿಗೆ ಧೂಳು ಮೆತ್ತುತ್ತದೆ. ತೇವದ ಬಟ್ಟೆಯನ್ನು ತಾಮ್ರದ ಗೆರೆಗಳಿರುವ ಪಿಸಿಬಿಗೆ ತಿಂಗಳುಗಟ್ಟಲೆ ಒತ್ತಿಡುವುದು ಯಾವ ಲೆಕ್ಕದಲ್ಲೂ ಜಾಣತನವಲ್ಲ. ತಂತಿ ಕೂರುವ ಸಂದಿಗೆ ನಲ್ಲಿಯ ಮರೆಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ಸಾಕು. ಸ್ಪ್ರಿಂಕ್ಲರ್ ಪೈಪು ಜೋಡಿಸುವ ತೋಟದವರ ಮನೆಯಲ್ಲಿ ಅದರ ಉರುಳೆ ಒಂದಾದರೂ ಬಿದ್ದಿರುತ್ತದೆ. ಅದರಲ್ಲಿ ಅಂಟಿಲ್ಲ, ನೀರು ಹೀರುವುದಿಲ್ಲ, ಸ್ವಭಾವದಲ್ಲೇ ನುಣುಪು. ಗೂಟದೊಳಗೆ ಹೋಗುವ ತಂತಿಯ ತುದಿಗೆ ಎರಡು ಸುತ್ತು ಬಿಗಿಯಾಗಿ ಎಳೆದು ಸುತ್ತಿ, ಗೂಟಕ್ಕೆ ಸಿಕ್ಕಿಸಿ, ಗೂಟವನ್ನು ಆಡಿಸಿ ನೋಡಿ. ತನ್ನ ಭಾರಕ್ಕೇ ಜಾರುವಂತಿರಬೇಕು. ಬಿಗಿ ಎನಿಸಿದರೆ ಒಂದು ಸುತ್ತು ಬಿಚ್ಚಿ. ಬ್ಯಾಂಡ್-ಏಡ್ ಕೊಡುವಷ್ಟು ಮೆತ್ತನೆಯ ಸದ್ದು ಇದರಿಂದ ಬಾರದು, ನಿಜ. ನಮ್ಮ ಪಟ್ಟಿಯಲ್ಲಿ ಸದ್ದಿಗೆ ಮೂರನೆಯ ಸ್ಥಾನ ಕೊಟ್ಟದ್ದು ಇಂಥ ಕಡೆ ತೀರ್ಮಾನ ಸುಲಭವಾಗಲಿ ಎಂದೇ.

ಗ್ರೀಸಿನಲ್ಲಿ ಎರಡು ಬಗೆ ಸಾಕು. ಗೂಟ ಮತ್ತು ಗೂಡಿನ ಗೋಡೆಗೆ ಕ್ರೈಟಾಕ್ಸ್ 205 ಗ್ರೇಡ್ 0 ಎಂಬ ತೆಳು ಗ್ರೀಸ್. ತಂತಿಗೆ ಸಿಲಿಕೋನಿನ ಡೈಎಲೆಕ್ಟ್ರಿಕ್ ಗ್ರೀಸ್, ಅದು ದಪ್ಪ, ನೀರನ್ನು ಹತ್ತಿರ ಸೇರಿಸದು. ಮೊದಲನೆಯದನ್ನು ಆನ್‌ಲೈನಿನಲ್ಲೇ ತರಿಸಬೇಕು. ಎರಡನೆಯದಕ್ಕೆ ವಾಹನಗಳ ಬಿಡಿಭಾಗದ ಅಂಗಡಿಯಲ್ಲೂ ವಿಚಾರಿಸಬಹುದು. ಅಲ್ಲಿ ಬೇರಿಂಗಿಗೆ ಹಾಕುವ ಹಳದಿ ಗ್ರೀಸ್ ಕೊಟ್ಟರೆ ಬೇಡವೆನ್ನಿ, ಪೆಟ್ರೋಲಿಯಂ ಎಣ್ಣೆಯ ಗ್ರೀಸು ಕೆಲವು ಪ್ಲಾಸ್ಟಿಕ್ಕುಗಳನ್ನು ಉಬ್ಬಿಸುತ್ತದೆ, ಬಿರುಕು ಬಿಡಿಸುತ್ತದೆ. ಹೊಲಿಗೆ ಯಂತ್ರದ ಎಣ್ಣೆ ನೀರಿನಂತೆ ಹರಿದು ಸ್ವಿಚ್ಚಿನೊಳಗೆ ಇಳಿಯುತ್ತದೆ. ಮನೆಯಲ್ಲಿದೆಯಲ್ಲ ಎಂದು ಕೊಬ್ಬರಿ ಎಣ್ಣೆ ಬಿಡುವವರಿಗೆ ಹೇಳಬೇಕಾದ್ದು ಒಂದೇ: ಪುಷ್ಯ ಮಾಸದ ಬೆಳಿಗ್ಗೆ ಅದು ಸೀಸೆಯಲ್ಲಿ ಏನಾಗಿರುತ್ತದೆಯೋ ಕೀಬೋರ್ಡಿನಲ್ಲೂ ಅದೇ ಆಗುತ್ತದೆ, ಮೇಲಿಂದ ಇರುವೆ. ಪ್ರಮಾಣದ ವಿಷಯದಲ್ಲಿ ಗೋಡೆಗೆ ಸಣ್ಣ ಬಣ್ಣದ ಕುಂಚದಿಂದ ಒಂದೇ ಪದರ, ಪ್ಲಾಸ್ಟಿಕ್ ಹೊಳೆಯಬೇಕು, ಗ್ರೀಸಿನ ಬಿಳುಪು ಕಾಣಬಾರದು. ತಂತಿಯ ತುದಿಗೆ ಸ್ವಲ್ಪ ಧಾರಾಳ, ಉಳಿದ ಉದ್ದಕ್ಕೂ ಕೈಗೆ ಜಿಡ್ಡು ಹತ್ತುವಷ್ಟು ತೆಳುವಾಗಿ. ಆ ತೆಳು ಪದರ ಸದ್ದಿಗಾಗಿ ಅಲ್ಲ, ತುಕ್ಕಿಗಾಗಿ. ಬಾಗಿಸುವಾಗ ಇಕ್ಕಳದ ಹಲ್ಲು ಲೇಪವನ್ನು ಕೆರೆದ ಕಡೆ ಉಕ್ಕು ಬರಿಮೈಯಾಗಿರುತ್ತದೆ, ಮಳೆಗಾಲ ಅಲ್ಲಿಂದಲೇ ಕೆಲಸ ಶುರು ಮಾಡುತ್ತದೆ. ಇಕ್ಕಳಕ್ಕೆ ಬಟ್ಟೆ ಸುತ್ತಿಕೊಂಡು ಬಾಗಿಸುವುದು ಇನ್ನೂ ಒಳ್ಳೆಯದು.

ಹೆಚ್ಚು ಗ್ರೀಸ್ ಹಾಕಿದರೆ ಹೆಚ್ಚು ನಯ ಎಂಬ ವಾದಕ್ಕೆ ಇಲ್ಲಿಯ ಚಳಿಯೇ ಉತ್ತರ. ಗ್ರೀಸ್ ತಣಿದಷ್ಟೂ ಗಟ್ಟಿಯಾಗುತ್ತದೆ. ಮೇ ತಿಂಗಳ ಮಧ್ಯಾಹ್ನ ಹದವೆನಿಸಿದ ಶಿಫ್ಟ್ ಜನವರಿಯ ಮುಂಜಾನೆ ಮಂಕಾಗಬಹುದು. ಚೆರಿ ಎಮ್‌ಎಕ್ಸ್ ರೆಡ್ ಸ್ವಿಚ್ಚನ್ನೇ ತೆಗೆದುಕೊಳ್ಳಿ: ಒಟ್ಟು ಚಲನೆ 4 ಮಿಲಿಮೀಟರ್, ಸುಮಾರು 2ರಲ್ಲಿ ಅದು ಕೀ ಒತ್ತಿತೆಂದು ಗಣಿಸುತ್ತದೆ, ಒತ್ತಲು ಬೇಕಾದ ಬಲ 45 ಸೆಂಟಿನ್ಯೂಟನ್. ಕೀಯನ್ನು ಮೇಲಕ್ಕೆ ತಳ್ಳಲು ಇರುವುದು ಆ ಪುಟ್ಟ ಸ್ಪ್ರಿಂಗ್ ಒಂದೇ. ಅದು ಕ್ಯಾಪನ್ನೂ ಎರಡು ಗೂಟಗಳನ್ನೂ ತಂತಿಯನ್ನೂ ಎತ್ತಬೇಕು, ಗ್ರೀಸಿನ ಹಿಡಿತವನ್ನೂ ಬಿಡಿಸಿಕೊಳ್ಳಬೇಕು. ಹಗುರ ಸ್ಪ್ರಿಂಗಿನ ಸ್ವಿಚ್ ಇಷ್ಟಪಡುವವರು ಶಿಫ್ಟ್ ಎರಡಕ್ಕೆ ಮಾತ್ರ ಕೊಂಚ ಬಿರುಸಿನದು ಹಾಕಿಕೊಂಡರೆ ಈ ತಕರಾರು ಅರ್ಧ ಇಳಿಯುತ್ತದೆ. ಹಾಟ್-ಸ್ವಾಪ್ ಕೀಬೋರ್ಡಿನಲ್ಲಿ ಇದು ಎರಡು ನಿಮಿಷದ ಕೆಲಸ, ಆದರೂ ಸಲಹೆ ಕೊಡುವವರು ಇದನ್ನು ಹೇಳುವುದು ಅಪರೂಪ.

ಕೆಲಸ ಯಾವಾಗ ಮಾಡಬೇಕು ಎಂಬುದೂ ಮುಖ್ಯ. ಮೃಗಶಿರಾ ಮಳೆಗೆ ಮುನ್ನ, ಗಾಳಿ ಒಣಗಿರುವಾಗ ಬಿಚ್ಚಿದರೆ ಒರೆಸಿದ್ದು ಒಣಗುತ್ತದೆ, ತಂತಿಯ ಮೇಲೆ ತೇವ ಕೂತು ಅದರ ಮೇಲೆ ಗ್ರೀಸ್ ಹಚ್ಚುವ ಎಡವಟ್ಟು ಆಗದು. ಆರಿದ್ರೆ ಹಿಡಿದು ಆಶ್ಲೇಷಾ ಮುಗಿಯುವವರೆಗೆ ಸಿರಿಂಜಿನ ಕೆಲಸದಾಚೆ ಏನೂ ಬೇಡ. ಕ್ಯಾಪುಗಳನ್ನು ಸೋಪಿನ ನೀರಲ್ಲಿ ತೊಳೆಯುವ ಹುಮ್ಮಸ್ಸನ್ನಂತೂ ಮುಂದೂಡಿ. ಸ್ವಿಚ್ಚಿಗೆ ಸಿಕ್ಕಿಸುವ ಕ್ಯಾಪಿನ ಕೊಳವೆಯಲ್ಲಿ ನಿಂತ ಹನಿ ಜಡಿಮಳೆಯ ದಿನಗಳಲ್ಲಿ ಎಷ್ಟು ಹೊತ್ತಾದರೂ ಆರುವುದಿಲ್ಲ. ಬಳಸದ ಕೀಬೋರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕಟ್ಟಿಡಿ. ಪೊಟ್ಟಣವಿಲ್ಲದೆ ಬರಿ ಚೀಲ ಕಟ್ಟಿದರೆ ಒಳಗಿದ್ದ ತೇವವನ್ನು ಒಳಗೇ ಕೂಡಿಹಾಕಿದಂತೆ.

ಇಷ್ಟೆಲ್ಲ ಪಾಡೇಕೆ, ಅಂಗಡಿಯಲ್ಲಿ ಸಿಗುವ ಅಗ್ಗದ ಮೆಂಬ್ರೇನ್ ಕೀಬೋರ್ಡ್ ಸಾಲದೇ ಎಂದು ಕೇಳುವವರಿದ್ದಾರೆ. ವಾರಕ್ಕೊಂದು ಪತ್ರ ಬರೆಯುವವರಿಗೆ ಧಾರಾಳ ಸಾಕು. ಗ್ರಾಮ ಪಂಚಾಯಿತಿಯ ನಡಾವಳಿ, ಮಠದ ಪ್ರಕಟಣೆ, ಸಂಘದ ವಾರ್ಷಿಕ ವರದಿ ಎಂದು ದಿನಕ್ಕೆ ಹತ್ತಾರು ಪುಟ ಇಳಿಸುವವರ ಕಿರುಬೆರಳಿನ ಪಾಡು ಬೇರೆ. ಮೆಕ್ಯಾನಿಕಲ್ ಕೀಬೋರ್ಡನ್ನು ಹೊಸದಾಗಿ ಕೊಳ್ಳುವವರು ಆಯ್ಕೆಯಲ್ಲೇ ಅರ್ಧ ಕೆಲಸ ಉಳಿಸಿಕೊಳ್ಳಬಹುದು. 65 ಅಥವಾ 75 ಪರ್ಸೆಂಟ್ ಎಂದು ಮಾರುವ ಪುಟ್ಟ ಕೀಬೋರ್ಡುಗಳಲ್ಲಿ ಬಲ ಶಿಫ್ಟ್ ಸಾಮಾನ್ಯವಾಗಿ 1.75 ಯೂನಿಟ್ಟಿನದು, ಅಷ್ಟು ಗಿಡ್ಡ ಕೀಗೆ ಸ್ಟೆಬಿಲೈಸರೇ ಬೇಕಿಲ್ಲ. ಸ್ವಿಚ್ಚೊಂದರ ಮೇಲೆ ಅದು ಅಕ್ಷರದ ಕೀಯಷ್ಟೇ ಸಲೀಸಾಗಿ ಏಳುತ್ತದೆ. ಎಸ್, ಆರ್, ಇ, ಎ ಎಡಗೈಯ ಕೀಗಳಾದ್ದರಿಂದ ಶಾಸ್ತ್ರೀಯವಾಗಿ ಕಲಿತವರು ಶ, ೃ, ೇ, ಾಗಳಿಗೆ ಒತ್ತುವುದು ಬಲ ಶಿಫ್ಟನ್ನೇ. ಅಂಥವರಿಗೆ ಈ ಗಿಡ್ಡ ಶಿಫ್ಟ್ ದುಬಾರಿ ಸ್ಟೆಬಿಲೈಸರಿಗಿಂತ ಹೆಚ್ಚು ಉಪಯೋಗ. ನಂಬರ್ ಪ್ಯಾಡ್ ಇಲ್ಲದಿರುವುದು ಲೆಕ್ಕಪತ್ರ ಬರೆಯುವವರಿಗೆ ತೊಂದರೆಯಾದೀತು, ಅದನ್ನು ಬೇರೆಯಾಗಿ ಕೊಳ್ಳಬಹುದು.

ಎರಡೂ ಶಿಫ್ಟ್ ಮುಗಿದ ಮೇಲೆ ಬ್ಯಾಕ್‌ಸ್ಪೇಸ್ ಮತ್ತು ಎಂಟರ್. ಅಳತೆ, ತಂತಿ, ವಿಧಾನ ಎಲ್ಲ ಅದೇ. ಸ್ಪೇಸ್‌ಬಾರ್ ಕೊನೆಗೆ: ಅದರ ತಂತಿ ಉದ್ದವಾದ್ದರಿಂದ ಗಾಜಿನ ಮೇಲೆ ಸಮ ಮಾಡಲು ತಾಳ್ಮೆ ಬೇಕು, ಕ್ಯಾಪ್ ಟೊಳ್ಳಾದ್ದರಿಂದ ಸಣ್ಣ ಅಲುಗಾಟವೂ ದೊಡ್ಡದಾಗಿ ಕೇಳುತ್ತದೆ. ಅಲ್ಲಿ ಗ್ರೀಸ್ ಸ್ವಲ್ಪ ಹೆಚ್ಚಾದರೂ ಅಕ್ಷರ ಕೆಡುವುದಿಲ್ಲ, ಆದ್ದರಿಂದ ಸದ್ದಡಗಿಸುವ ಆಸೆಯನ್ನು ಅಲ್ಲಿ ತೀರಿಸಿಕೊಳ್ಳಬಹುದು. ಎಲ್ಲ ಸ್ಕ್ರೂ ಬಿಗಿಯುವ ಮುನ್ನ ಕ್ಯಾಪುಗಳನ್ನು ಹಾಕಿ, ಕೀಬೋರ್ಡನ್ನು ಕಂಪ್ಯೂಟರಿಗೆ ಜೋಡಿಸಿ, ನೀವು ದಿನಾ ಬರೆಯುವ ನಿಜವಾದ ಒಂದು ಪುಟವನ್ನೇ ಟೈಪ್ ಮಾಡಿ ನೋಡಿ. ಅಕ್ಷರ ಬಿಟ್ಟುಹೋದರೆ ಸಾಮಾನ್ಯವಾಗಿ ಸ್ವಿಚ್ ಹಾಕುವಾಗ ಅದರ ಕಾಲು ಬಾಗಿರುತ್ತದೆ. ಸ್ವಿಚ್ಚನ್ನು ಕಿತ್ತು ಕಾಲನ್ನು ಚಿಮಟಿಗೆಯಿಂದ ನೇರ ಮಾಡಿ ಮತ್ತೆ ಕೂರಿಸಿದರಾಯಿತು. ಮೆಂಬ್ರೇನ್ ಕೀಬೋರ್ಡಿನಲ್ಲೇ ಮುಂದುವರಿಯುವವರೂ ತಮ್ಮ ಸ್ಪೇಸ್‌ಬಾರನ್ನು ಮೆಲ್ಲಗೆ ಎತ್ತಿ ನೋಡಬಹುದು. ಹಲವು ಕೀಬೋರ್ಡುಗಳಲ್ಲಿ ಅದರಡಿಯೂ ಇಂಥದ್ದೇ ಒಂದು ತಂತಿ ಎರಡು ಕೊಕ್ಕೆಗಳಲ್ಲಿ ಕೂತಿರುತ್ತದೆ, ಕಿರುಗುಟ್ಟುತ್ತಿದ್ದರೆ ಆ ಕೊಕ್ಕೆಗಳಿಗೆ ಅದೇ ಡೈಎಲೆಕ್ಟ್ರಿಕ್ ಗ್ರೀಸ್ ಒಂದು ಚೂರು ಮುಟ್ಟಿಸಿದರೆ ಸಾಕು. ಕಚೇರಿಯ ಕೀಬೋರ್ಡಾದರೆ ಎತ್ತುವ ಮುನ್ನ ಅದರ ಜವಾಬ್ದಾರಿ ಹೊತ್ತವರನ್ನು ಒಂದು ಮಾತು ಕೇಳಿ, ಆ ಕೊಕ್ಕೆಗಳು ಬೇಗ ಮುರಿಯುತ್ತವೆ.